ಗಲೀನಾ ವಿಷ್ನೆವ್‌ಸ್ಕಯಾ ಸೋವಿಯತ್ ನಾಡನ್ನು ತೊರೆದದ್ದೇಕೆ?

ಪ್ರಶ್ನೆ (ಬಸವನಗುಡಿ): ರಾಮನವಮಿಯ ಕಚೇರಿಗಳನ್ನು ಕೇಳಿ ಬೆಳೆದ ನನಗೆ ಒಪೆರಾ, ಅಂದರೆ ಹಾಡಿನಲ್ಲೇ ಸಾಗುವ ಪಾಶ್ಚಾತ್ಯ ಸಂಗೀತ ನಾಟಕ, ಹೊಸದು. 1952ರಲ್ಲಿ ಮಾಸ್ಕೋದ ಬೊಲ್ಶೊಯ್ ರಂಗಮಂದಿರವನ್ನು ಸೇರಿ ಹೆಸರಾದ ಈ ಗಾಯಕಿ ದೇಶವನ್ನೇ ಬಿಟ್ಟದ್ದೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಮಲ್ಲೇಶ್ವರ): ಸರ್ಕಾರದ ಅವಕೃಪೆಗೆ ಒಳಗಾಗಿದ್ದ ಲೇಖಕ ಸೋಲ್ಜೆನಿತ್ಸಿನ್ ಅವರಿಗೆ ಇವರೂ ಪತಿ, ಚೆಲ್ಲೋ ವಾದಕ ರಾಸ್ತ್ರೊಪೊವಿಚ್ ಅವರೂ ಆಶ್ರಯ ಕೊಟ್ಟದ್ದರಿಂದ ನಿರ್ಬಂಧಗಳು ಹೆಚ್ಚಿದವು, 1974ರಲ್ಲಿ ದಂಪತಿ ಹೊರಟರು, 1978ರಲ್ಲಿ ಪೌರತ್ವವನ್ನೂ ಕಳೆದುಕೊಂಡರು. ಅದು ಮರಳಿ ದೊರೆತದ್ದು 1990ರಲ್ಲಿ.

ಉತ್ತರ (ರಾಜಾಜಿನಗರ): ಹದಿಹರೆಯದಲ್ಲೇ ಎರಡನೇ ಮಹಾಯುದ್ಧದ ಕಾಲದ ಲೆನಿನ್‌ಗ್ರಾಡ್ ಮುತ್ತಿಗೆಯ ಹಸಿವನ್ನು ಕಂಡಿದ್ದವರು ಅಧಿಕಾರಿಗಳಿಗೆ ಬಗ್ಗದಿದ್ದುದರಲ್ಲಿ ನನಗಂತೂ ಅಚ್ಚರಿಯಿಲ್ಲ.

ಉತ್ತರ (ಜಯನಗರ): ಅಡ್ಡಿಗಳು ಅದಕ್ಕೂ ಹಿಂದಿನವು. ಇಂಗ್ಲಿಷ್ ಸಂಗೀತ ಸಂಯೋಜಕ ಬೆಂಜಮಿನ್ ಬ್ರಿಟನ್ ಅವರು 'ವಾರ್ ರಿಕ್ವಿಯಮ್' ಎಂಬ ಗಾಯನ-ವಾದ್ಯವೃಂದ ಕೃತಿಯ ಸೊಪ್ರಾನೊ (ಹೆಣ್ಣುದನಿಯ ಅತಿ ಎತ್ತರದ ಸ್ಥಾಯಿ) ಭಾಗವನ್ನು ಇವರ ಕಂಠಕ್ಕೆಂದೇ ರಚಿಸಿದ್ದರೂ, 1962ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನಡೆದ ಪ್ರಥಮ ಪ್ರಸ್ತುತಿಯಲ್ಲಿ ಹಾಡಲು ಸೋವಿಯತ್ ಸರ್ಕಾರ ಇವರಿಗೆ ಅನುಮತಿ ಕೊಡಲಿಲ್ಲ. ಇವರ ಬದಲು ಗಾಯಕಿ ಹೀದರ್ ಹಾರ್ಪರ್ ಹಾಡಿದರು. 1963ರ ಧ್ವನಿಮುದ್ರಣದಲ್ಲಿ ಇವರೇ ಇದ್ದಾರೆ, ಮೊದಲು ಅದನ್ನು ಕೇಳಿ.