ಸಹಾಯ ಬೇಕು: ಮಾಲ್ದೀವ್ಸ್‌ನಲ್ಲಿ ಇಬ್ಬರಿಗೆ ಯಾವ ರೆಸಾರ್ಟ್?

ದಾವಣಗೆರೆಯಿಂದ ಗಂಡ-ಹೆಂಡತಿ ಇಬ್ಬರೇ, ಫೆಬ್ರವರಿಯಲ್ಲಿ 4 ರಾತ್ರಿ. ಆಗ ಅಲ್ಲಿ ಮಳೆ ಕಮ್ಮಿ, ಸಮುದ್ರ ಶಾಂತ. ದರ ಮಾತ್ರ ಜೋರು.

ಗೊಂದಲ ಇರೋದು ರಾಜಧಾನಿ ಮಾಲೆಯ ವಿಮಾನ ನಿಲ್ದಾಣದಿಂದ ರೆಸಾರ್ಟ್ ದ್ವೀಪಕ್ಕೆ ಹೋಗೋಕೆ ಸೀಪ್ಲೇನೋ (ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ) ಸ್ಪೀಡ್‌ಬೋಟೋ ಅನ್ನೋದರಲ್ಲಿ. ಸೀಪ್ಲೇನ್ ಹಗಲಲ್ಲಿ ಮಾತ್ರ ಹಾರುತ್ತೆ. ಬೆಂಗಳೂರಿನ ವಿಮಾನ ಸಂಜೆ ಇಳಿದರೆ ಮಾಲೆಯಲ್ಲೇ ಒಂದು ರಾತ್ರಿ ದಂಡ. ಹಾಗಾಗಿ ಬೋಟಲ್ಲಿ ಒಂದು ಗಂಟೆಯೊಳಗೆ ಮುಟ್ಟುವ ದ್ವೀಪವೇ ವಾಸಿ ಅನ್ನಿಸುತ್ತೆ.

ದರದ ಪಕ್ಕ ಎರಡು ಪ್ಲಸ್ ಗುರುತಿದ್ದರೆ ಸರ್ವಿಸ್ ಚಾರ್ಜ್ ಶೇ 10, ತೆರಿಗೆ ಶೇ 17 ಬೇರೆ. ಗ್ರೀನ್ ಟ್ಯಾಕ್ಸ್ (ಪರಿಸರ ತೆರಿಗೆ) ತಲೆಗೆ ರಾತ್ರಿಗೆ 12 ಡಾಲರ್. ದಯವಿಟ್ಟು ಎಲ್ಲ ಸೇರಿಸಿದ ಮೊತ್ತವನ್ನೇ ಹೇಳಿ.

ದಡದಿಂದಲೇ ಈಜಿ ಹವಳ ನೋಡುವಂತಿರಬೇಕು. ಬರೀ ಮರಳಿನ ಲಗೂನ್ (ದ್ವೀಪದ ಸುತ್ತಲಿನ ಆಳವಿಲ್ಲದ ನೀರು) ಆದರೆ ಮೀನು ನೋಡೋಕೂ ಬೋಟಿಗೆ ದುಡ್ಡು! ಸಸ್ಯಾಹಾರ ಸರಿಯಾಗಿ ಸಿಗುತ್ತಾ? ಹೋಗಿಬಂದವರು ದ್ವೀಪದ ಹೆಸರು, ರೂಮಿನ ಬಗೆ, ಹೋದ ತಿಂಗಳು ತಿಳಿಸಿ.