ದಾವಣಗೆರೆಯ ರಕ್ತದ ಸ್ಯಾಂಪಲ್, ಬೆಂಗಳೂರಿನ ಫ್ಲೋ ಸೈಟೋಮೀಟರ್: ಒಯ್ಯುವುದು ಹೇಗೆ?

ಪ್ರಶ್ನೆ (ಪಿಎಚ್.ಡಿ. ವಿದ್ಯಾರ್ಥಿನಿ, ದಾವಣಗೆರೆ):
ನಮಸ್ಕಾರ. ಸಕ್ಕರೆ ಕಾಯಿಲೆ ಇರುವವರು 12, ಇಲ್ಲದವರು 12, ಒಟ್ಟು 24 ಜನರ ರಕ್ತದಲ್ಲಿ ಸಿಡಿ4, ಸಿಡಿ8 ಎಂಬ ಎರಡು ಬಗೆಯ ಬಿಳಿ ರಕ್ತಕಣಗಳ ಪ್ರಮಾಣ ನೋಡಬೇಕು. ನಮ್ಮ ಲ್ಯಾಬಲ್ಲಿ ಸೆಂಟ್ರಿಫ್ಯೂಜ್, ಬಯೋಸೇಫ್ಟಿ ಕ್ಯಾಬಿನೆಟ್, ಫ್ರಿಜ್ ಇವೆ. ಬಣ್ಣ ಹತ್ತಿದ ಕಣಗಳನ್ನು ಲೇಸರ್‌ನಿಂದ ಒಂದೊಂದಾಗಿ ಓದುವ ಫ್ಲೋ ಸೈಟೋಮೀಟರ್ ಇಲ್ಲ, ಅದಕ್ಕೆ ಬೆಂಗಳೂರಿನಲ್ಲಿ ಹೊರಗಿನವರಿಗೂ ಕೊಡುವ ಲ್ಯಾಬ್ ಒಂದರಲ್ಲಿ ಸ್ಲಾಟ್ ತಗೋಬೇಕು ಅಂತಿದ್ದೀವಿ. ರಕ್ತವನ್ನೇ ಒಯ್ಯೋದಾ, ಇಲ್ಲೇ ಆಂಟಿಬಾಡಿ ಹಾಕಿ ಒಯ್ಯೋದಾ? ನಮ್ಮ ಗೈಡ್ ಎಂಟು ಬಣ್ಣದ ಪ್ಯಾನೆಲ್ (ಬೇರೆ ಬೇರೆ ಬಣ್ಣ ಅಂಟಿಸಿದ ಎಂಟು ಆಂಟಿಬಾಡಿಗಳ ಸೆಟ್) ಮಾಡಿ ಅಂತಿದ್ದಾರೆ.

ಉತ್ತರ (ಫ್ಲೋ ಸೈಟೋಮೆಟ್ರಿ ಲ್ಯಾಬ್ ನೋಡಿಕೊಳ್ಳುವವರು):
ಎಂಟು ಬಣ್ಣ ಬೇಡ ಮೇಡಂ. ನಿಮ್ಮ ಪ್ರಶ್ನೆಗೆ ನಾಲ್ಕು ಸಾಕು: ಸಿಡಿ3 ಎಫ್‌ಐಟಿಸಿ, ಸಿಡಿ8 ಪಿಇ, ಸಿಡಿ45 ಪರ್‌ಸಿಪಿ, ಸಿಡಿ4 ಎಪಿಸಿ (ಪ್ರತಿ ಜೋಡಿಯಲ್ಲಿ ಮೊದಲನೆಯದು ಆಂಟಿಬಾಡಿ ಹಿಡಿಯುವ ಗುರುತು, ಎರಡನೆಯದು ಬಣ್ಣ). 488 ನ್ಯಾನೋಮೀಟರಿನ ನೀಲಿ ಲೇಸರ್ ಮತ್ತು 640ರ ಆಸುಪಾಸಿನ ಕೆಂಪು ಲೇಸರ್ ಇರುವ ಯಾವ ಮಷೀನಿನಲ್ಲೂ ಇವು ಓದುತ್ತವೆ. ಆದರೂ ಆಂಟಿಬಾಡಿಗೆ ಆರ್ಡರ್ ಹಾಕುವ ಮೊದಲೇ ಆ ಲ್ಯಾಬಿನ ಆಪರೇಟರ್‌ಗೆ ಫೋನ್ ಮಾಡಿ ಲೇಸರ್, ಫಿಲ್ಟರ್‌ಗಳ ಪಟ್ಟಿ ತರಿಸಿಕೊಳ್ಳಿ. ಬಿವಿ421 ಎಂಬ ಬಣ್ಣದ ಆಂಟಿಬಾಡಿ ಕೊಂಡು ತಂದವರ ಮುಂದೆ 405ರ ಲೇಸರೇ ಇಲ್ಲದ ಮಷೀನ್ ಇದ್ದರೆ ಆ ದುಡ್ಡು ಹೋದ ಹಾಗೇ.

ಬರೀ ಶೇಕಡಾವಾರು ಬೇಕಿದ್ದರೆ ಫೈಕಾಲ್ ಎಂಬ ದ್ರಾವಣದ ಮೇಲೆ ಕಣ ಬೇರ್ಪಡಿಸುವ ಕೆಲಸವೂ ಬೇಡ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನ ರಕ್ತ ಫ್ರಿಜ್‌ಗೆ ಹಾಕದೆ ಕೋಣೆಯ ಉಷ್ಣತೆಯಲ್ಲಿಡಿ, ಅವತ್ತೇ ನಿಮ್ಮ ಲ್ಯಾಬಲ್ಲೇ ಆಂಟಿಬಾಡಿ ಹಾಕುವ ಕೆಲಸ ಮುಗಿಸಿ, ಆಮೇಲೆ ಒಯ್ಯಿರಿ. ನೆತ್ತಿ ಸುಡುವ ಏಪ್ರಿಲ್‌ನಲ್ಲಿ ದಾವಣಗೆರೆಯ ಕೋಣೆ 25 ಡಿಗ್ರಿ ಇರಲ್ಲ, ಎಸಿ ಇರೋ ಕಡೆ ಇಡಿ.

12×75 ಮಿ.ಮೀ. ಟ್ಯೂಬಿಗೆ ಮೊದಲು ಆಂಟಿಬಾಡಿ, ಆಮೇಲೆ ತಳಕ್ಕೆ 100 ಮೈಕ್ರೋಲೀಟರ್ ರಕ್ತ. ಟ್ಯೂಬಿನ ಗೋಡೆಗೆ ರಕ್ತ ಅಂಟಿದರೆ ಅಲ್ಲಿರುವ ಕಣಗಳಿಗೆ ಬಣ್ಣ ಹತ್ತಲ್ಲ. ಗ್ರಾಫ್‌ನಲ್ಲಿ ಅವು ಬೇರೆ ಗುಂಪಾಗಿ ಕೂತು ನಿಮ್ಮ ತಲೆ ಕೆಡಿಸುತ್ತವೆ. ಕತ್ತಲೆಯಲ್ಲಿ 15–20 ನಿಮಿಷ. ಆಮೇಲೆ ಕೆಂಪು ಕಣ ಒಡೆಯುವ ದ್ರಾವಣ, ನೀರು ಬೆರೆಸಿ ಬಳಕೆಯ ಹದಕ್ಕೆ (1X) ಇಳಿಸಿದ್ದು, 2 ಮಿ.ಲೀ. ಹಾಕಿ 10 ನಿಮಿಷ ಬಿಡಿ. 300 ಜಿ (ಗುರುತ್ವದ 300 ಪಟ್ಟು) ಬಲದಲ್ಲಿ 5 ನಿಮಿಷ ತಿರುಗಿಸಿ ಮೇಲಿನದು ಚೆಲ್ಲಿ, ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ಒಮ್ಮೆ ತೊಳೆದು, 1% ಪ್ಯಾರಾಫಾರ್ಮಾಲ್ಡಿಹೈಡ್ ಇರುವ ಪಿಬಿಎಸ್ 400 ಮೈಕ್ರೋಲೀಟರ್ ಹಾಕಿ. ಫಾಯಿಲ್ ಸುತ್ತಿ 4 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ಓದಿಸಿ. ಫ್ರೀಜರ್‌ಗೆ ಮಾತ್ರ ಹಾಕಲೇಬೇಡಿ, ಕಣ ಒಡೆದು ಹೋಗುತ್ತೆ.

ಹೀಗೆ ಪ್ಯಾರಾಫಾರ್ಮಾಲ್ಡಿಹೈಡ್‌ನಿಂದ ಫಿಕ್ಸ್ ಮಾಡಿ (ಕಣ ಕೆಡದಂತೆ ಸ್ಥಿರಗೊಳಿಸಿ) ತಂದರೆ ಆಪರೇಟರ್‌ಗೂ ನೆಮ್ಮದಿ, ಹಸಿ ರಕ್ತದ ಸೋಂಕಿನ ಭಯ ಬಹಳ ಕಡಿಮೆ. ಆದರೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ವಿವರವನ್ನು ಸ್ಯಾಂಪಲ್ ಫಾರ್ಮಿನಲ್ಲಿ ಬರೆಯಲೇಬೇಕು.

ಪ್ರಯಾಣಕ್ಕೆ ಥರ್ಮಾಕೋಲ್ ಡಬ್ಬಿ, ಫ್ರಿಜ್‌ನಲ್ಲಿ ತಣಿಸಿದ ಜೆಲ್ ಪ್ಯಾಕ್. ಕಲ್ಲಿನಂತೆ ಗಟ್ಟಿಯಾದ ಜೆಲ್ ಪ್ಯಾಕ್ ಟ್ಯೂಬಿಗೆ ತಾಗಿದರೆ ಪಕ್ಕದ ಸ್ಯಾಂಪಲ್ ಹೆಪ್ಪುಗಟ್ಟುತ್ತೆ, ನಡುವೆ ರಟ್ಟು ಇಡಿ. ಡಬ್ಬಿ ಬಸ್ಸಿನ ಡಿಕ್ಕಿಗೆ ಬೇಡ, ಕಾಲ ಬಳಿ ಇರಲಿ.

ಪ್ರಶ್ನೆ (ಅದೇ ವಿದ್ಯಾರ್ಥಿನಿ):
ಧನ್ಯವಾದ ಸರ್. ನಮ್ಮ ಸೆಂಟ್ರಿಫ್ಯೂಜ್ ಆರ್‌ಪಿಎಂ ಮಾತ್ರ ತೋರಿಸುತ್ತೆ. 24 ಸ್ಯಾಂಪಲ್ ಒಂದೇ ದಿನ ತಂದುಬಿಡಬಹುದಾ? ಎಷ್ಟು ಗಂಟೆ ಬುಕ್ ಮಾಡಲಿ?

ಉತ್ತರ:
ರೋಟರ್ ತ್ರಿಜ್ಯ ಅಳೆಯಿರಿ: ಮಧ್ಯದ ಕೀಲಿನಿಂದ, ತಿರುಗುವಾಗ ಟ್ಯೂಬಿನ ತಳ ತಲುಪುವ ಜಾಗದವರೆಗೆ, ಸೆಂಟಿಮೀಟರ್‌ನಲ್ಲಿ. ಜಿ = 0.00001118 × ತ್ರಿಜ್ಯ × ಆರ್‌ಪಿಎಂ ವರ್ಗ. ತ್ರಿಜ್ಯ 16 ಇದ್ದರೆ 300 ಜಿಗೆ ಸುಮಾರು 1300 ಆರ್‌ಪಿಎಂ. ಪಕ್ಕದ ಲ್ಯಾಬಿನವರು ಹೇಳಿದ ಆರ್‌ಪಿಎಂ ಹಾಕಬೇಡಿ, ಅವರ ರೋಟರ್ ಬೇರೆ.

24 ಜನ ಒಂದೇ ದಿನ ಸಿಗುವುದು ಕಷ್ಟ, ಮೂರು ಸಲ ಎಂಟೆಂಟು ತನ್ನಿ. ಇಲ್ಲೇ ಬಹಳ ಜನ ಎಡವುವುದು: ಒಂದು ದಿನ ಬರೀ ಕಾಯಿಲೆಯವರು, ಇನ್ನೊಂದು ದಿನ ಬರೀ ಆರೋಗ್ಯವಂತರು. ಆಗ ಕಾಣುವ ವ್ಯತ್ಯಾಸ ಕಾಯಿಲೆಯದೋ ಮಷೀನಿನದೋ ಯಾರೂ ಹೇಳಲಾರರು. ಪ್ರತಿ ಸಲವೂ ನಾಲ್ಕು–ನಾಲ್ಕು ಬೆರೆಸಿ ತನ್ನಿ. ಆಂಟಿಬಾಡಿ ಮೂರೂ ಸಲ ಒಂದೇ ಲಾಟ್ ಇರಲಿ, ಬೀಡ್ಸ್ (ಹೊಳಪು ಗೊತ್ತಿರುವ ಸೂಕ್ಷ್ಮ ಪ್ಲಾಸ್ಟಿಕ್ ಮಣಿಗಳು) ಓಡಿಸಿ ಹಿಂದಿನ ಸಲದ ಮಟ್ಟಕ್ಕೇ ಮಷೀನ್ ಹೊಂದಿಸಲು ಹೇಳಿ.

ಪ್ರತಿ ಸಲ ಐದು ಕಂಟ್ರೋಲ್: ಬಣ್ಣವಿಲ್ಲದ್ದು ಒಂದು, ಒಂದೊಂದೇ ಬಣ್ಣದವು ನಾಲ್ಕು. ಅವಕ್ಕೂ ಅದೇ ದ್ರಾವಣ, ಅದೇ ಫಿಕ್ಸ್. ಇವಿಲ್ಲದೆ ಬಂದರೆ ಒಂದು ಬಣ್ಣ ಇನ್ನೊಂದರ ಕಿಂಡಿಗೆ ಸೋರಿದ್ದನ್ನು ಕಳೆಯಲು ಆಗಲ್ಲ. ಸ್ಯಾಂಪಲ್‌ಗೆ ಮೂರು ನಿಮಿಷ, ಸೆಟ್ಟಿಂಗ್‌ಗೆ ಅರ್ಧ ಗಂಟೆ, ಕೊನೆಯ ತೊಳೆತ ಸೇರಿ ಒಂದೂವರೆ ಗಂಟೆ ಆಗುತ್ತೆ. ಎರಡು ಗಂಟೆ ಬುಕ್ ಮಾಡಿ. ಮಷೀನಿಗೆ ಕೊಡುವ ಮುನ್ನ 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ. ಗಂಟು ಕಟ್ಟಿ ನಳಿಕೆ ಕಟ್ಟಿಕೊಂಡರೆ ಬಿಡಿಸುವ ಹೊತ್ತೂ ನಿಮ್ಮ ಲೆಕ್ಕಕ್ಕೇ ಬರುವುದು.

ಒಂದು ಮೈಕ್ರೋಲೀಟರ್‌ನಲ್ಲಿ ಎಷ್ಟು ಕಣ ಎಂಬ ಸಂಖ್ಯೆಯೇ ಬೇಕಿದ್ದರೆ ಮೇಲಿನ ವಿಧಾನ ನಡೆಯಲ್ಲ, ತೊಳೆಯುವಾಗ ಕಣ ನಷ್ಟವಾಗುತ್ತೆ. ಎಣಿಕೆಯ ಬೀಡ್ಸ್ ಹಾಕಿ, ತೊಳೆಯದೆ ಮಾಡಬೇಕು.

ಪ್ರಶ್ನೆ (ಸಂಶೋಧಕ, ಚಿತ್ರದುರ್ಗ):
ಇದರಲ್ಲೇ ನನ್ನದೊಂದು ಸೇರಿಸ್ತೀನಿ. ಅಂಗಾಂಶದ ಆರ್‌ಎನ್‌ಎ ಸೀಕ್ವೆನ್ಸಿಂಗ್‌ಗೆ ಕಳಿಸಬೇಕು. ಮೈನಸ್ 80 ಡಿಗ್ರಿಯ ಫ್ರೀಜರ್ ಇಲ್ಲ, ಮೈನಸ್ 20ರದು ಇದೆ.

ಉತ್ತರ:
ಆರ್‌ಎನ್‌ಎ ಲೇಟರ್ ಎಂಬ, ಅಂಗಾಂಶ ಕೆಡದಂತೆ ಕಾಯುವ ದ್ರಾವಣ ಇದ್ದರೆ ಸಾಕು. ತುಂಡಿನ ಒಂದು ಬದಿಯಾದರೂ ಅರ್ಧ ಸೆಂಟಿಮೀಟರ್‌ಗಿಂತ ತೆಳ್ಳಗಿರಲಿ, ದ್ರಾವಣ ತುಂಡಿನ ಐದು ಪಟ್ಟಿಗಿಂತ ಕಡಿಮೆ ಬೇಡ. ಒಂದು ರಾತ್ರಿ 4 ಡಿಗ್ರಿ, ಆಮೇಲೆ ಮೈನಸ್ 20. ದಪ್ಪ ತುಂಡಾದರೆ ದ್ರಾವಣ ಒಳಗೆ ಇಳಿಯುವಷ್ಟರಲ್ಲಿ ನಡುಭಾಗದ ಆರ್‌ಎನ್‌ಎ ಕರಗಿರುತ್ತೆ. ಸಾಮಾನ್ಯವಾಗಿ ಆರ್‌ಐಎನ್ (ಆರ್‌ಎನ್‌ಎ ಎಷ್ಟು ಕೆಡದೆ ಉಳಿದಿದೆ ಎಂಬುದರ 10ರವರೆಗಿನ ಅಂಕ) 7ರ ಮೇಲಿರಬೇಕು ಅಂತ ಕೇಳ್ತಾರೆ. ಡ್ರೈ ಐಸ್‌ನಲ್ಲಿ ಕಳಿಸುವುದಾದರೆ ಡಬ್ಬಿಗೆ ಗಾಳಿಯಾಡದ ಹಾಗೆ ಟೇಪ್ ಸುತ್ತಬೇಡಿ, ಅನಿಲ ತುಂಬಿ ಸಿಡಿಯುತ್ತೆ.

ಪ್ರಶ್ನೆ (ವಿದ್ಯಾರ್ಥಿನಿ):
ಕೊನೆಯದು ಸರ್, ಕಾಗದ ಪತ್ರ ಏನೇನು ಬೇಕು?

ಉತ್ತರ:
ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆಯಲ್ಲಿ, ರೋಗಿಯ ಸಮ್ಮತಿ ಪತ್ರದಲ್ಲಿ, ಎರಡರಲ್ಲೂ "ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಹೋಗುತ್ತೆ" ಎಂಬ ಸಾಲು ಇರಲಿ. ಟ್ಯೂಬಿನ ಮೇಲೆ ರೋಗಿಯ ಹೆಸರು ಬೇಡ, ಕೋಡ್ ಬರೆಯಿರಿ. ಐ-ಸ್ಟೆಮ್ ಪೋರ್ಟಲ್‌ನಲ್ಲಿ (ದೇಶದ ಸಂಶೋಧನಾ ಉಪಕರಣಗಳ ಪಟ್ಟಿ ಇರುವ ಜಾಲತಾಣ) ಉಪಕರಣದ ಹೆಸರು ಹಾಕಿ ಹುಡುಕಿದರೆ ಬೇರೆ ಲ್ಯಾಬ್‌ಗಳೂ ಸಿಗುತ್ತವೆ, ದರ ಹೋಲಿಸಿ ನೋಡಿ. ಕೊಟೇಶನ್ ಗೈಡ್ ಹೆಸರಿಗೋ ವಿಶ್ವವಿದ್ಯಾಲಯದ ಹೆಸರಿಗೋ ಅಂತ ಮೊದಲೇ ಕೇಳಿ, ಜಿಎಸ್‌ಟಿ ಸೇರಿದೆಯಾ ನೋಡಿ. ಇದರಲ್ಲಿ ತಪ್ಪಿದರೆ ಫೈನಾನ್ಸ್ ಸೆಕ್ಷನ್‌ನಿಂದ ಬಿಲ್ ವಾಪಸ್ ಬರುತ್ತೆ. ಹೊರಡುವ ಮುನ್ನ ಎಫ್‌ಸಿಎಸ್ ಫೈಲ್‌ಗಳನ್ನೇ (ಮಷೀನಿನ ಮೂಲ ದತ್ತಾಂಶ) ಕೇಳಿ ಪಡೆಯಿರಿ. ಬರೀ ಪಿಡಿಎಫ್ ಹಿಡಿದು ಬಂದರೆ ನಾಳೆ ವಿಮರ್ಶಕರು ಗೇಟಿಂಗ್ (ಗ್ರಾಫ್‌ನಲ್ಲಿ ಯಾವ ಕಣ ಲೆಕ್ಕಕ್ಕೆ ತಗೊಳ್ಳೋದು ಎಂಬ ಗೆರೆ) ಬದಲಿಸಿ ಅಂದಾಗ ಏನೂ ಮಾಡೋಕಾಗಲ್ಲ.