ಮಳೆಗಾಲದಲ್ಲಿ ರವೆ, ಕಾಳು, ಬೆಲ್ಲ ಕೆಡದ ಹಾಗೆ ಹೇಗೆ ಇಡುತ್ತೀರಿ?

ಬಳ್ಳಾರಿಯಿಂದ ಉಡುಪಿಗೆ ಬಂದ ಮೇಲೆ ಇದು ನಮ್ಮ ಮೊದಲ ಮಳೆಗಾಲ. ಊರಲ್ಲಿ ತಿಂಗಳ ಸಾಮಾನು ತಂದು ಡಬ್ಬಕ್ಕೆ ಹಾಕಿದರೆ ಮುಗೀತು, ಮತ್ತೆ ಆ ಕಡೆ ನೋಡುವ ಕೆಲಸವೇ ಇರಲಿಲ್ಲ. ಇಲ್ಲಿ ರವೆ ಗಂಟುಗಂಟಾಗಿ ಬಲೆ ಕಟ್ಟಿದೆ. ಹೆಸರುಕಾಳಿಗೆ ಹುಳ ಬಿದ್ದಿದೆ. ಬೆಲ್ಲ ನೀರು ಬಿಡುತ್ತಿದೆ. ಈ ಕಡೆಯ ಮನೆಗಳಲ್ಲಿ ಏನು ಮಾಡುತ್ತೀರಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಕುಂದಾಪುರದಿಂದ:

ಗಾಬರಿ ಆಗಬೇಡಿ, ಈ ಊರಿನ ಮಳೆಯೇ ಹಾಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ತೇವ ತುಂಬಿರುತ್ತದೆ. ನಮ್ಮಲ್ಲಿ ಮಳೆಗಾಲದ ತಯಾರಿ ಮೇ ತಿಂಗಳ ಬಿಸಿಲಿನಲ್ಲೇ ಶುರು. ಮೆಣಸಿನಕಾಯಿ, ಕೊತ್ತಂಬರಿ ಬೀಜ, ಕಾಳು, ಹುಣಸೆಹುಳಿ ಎಲ್ಲ ಅಂಗಳದಲ್ಲಿ ಚೆನ್ನಾಗಿ ಒಣಗಿದ ಮೇಲೆಯೇ ಡಬ್ಬ ಸೇರುತ್ತವೆ. ಈ ವರ್ಷ ನಿಮಗೆ ಆ ಬಿಸಿಲು ಸಿಗಲಿಲ್ಲ. ಪರವಾಗಿಲ್ಲ, ಒಲೆ ಇದೆಯಲ್ಲ.

ರವೆಯನ್ನು ತಂದ ದಿನವೇ ಹುರಿದುಬಿಡಿ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಎಣ್ಣೆ ತುಪ್ಪ ಏನೂ ಬೇಡ. ಬಣ್ಣ ತಿರುಗಬಾರದು, ಆದರೆ ಒಣ ಮರಳಿನ ಹಾಗೆ ಸೌಟಿನಿಂದ ಸರಸರ ಜಾರಬೇಕು. ಆಮೇಲೆ ಅಗಲವಾದ ಹರಿವಾಣಕ್ಕೆ ಹರಡಿ. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕೂರುತ್ತದೆ, ಆ ನೀರು ಮತ್ತೆ ರವೆಗೇ ಇಳಿಯುತ್ತದೆ. ಹಾಗಂತ ರಾತ್ರಿಯಿಡೀ ಹೊರಗೆ ಬಿಡಲೂ ಬೇಡಿ, ತೇವ ಎಳೆದುಕೊಳ್ಳುತ್ತದೆ. ಮುಟ್ಟಿದರೆ ತಣ್ಣಗಿದೆ ಅನ್ನಿಸಿದ ಕೂಡಲೇ ಡಬ್ಬಕ್ಕೆ ತುಂಬಿ.

ಹುಳದ ಮೊಟ್ಟೆ ಎಷ್ಟೋ ಸಲ ಅಂಗಡಿಯಿಂದಲೇ ಬಂದಿರುತ್ತದೆ. ಅದಕ್ಕೇ ಹಳೆಯದು ಖಾಲಿಯಾಗದೆ ಅದರ ಮೇಲೆ ಹೊಸದನ್ನು ಸುರಿಯಬೇಡಿ. ಡಬ್ಬ ತೊಳೆದು, ಒರೆಸಿ, ಒಲೆಯ ಹತ್ತಿರ ಇಟ್ಟು ಒಣಗಿಸಿದ ಮೇಲೆಯೇ ತುಂಬಿ. ಮುಚ್ಚಳದ ಸಂದಿಯನ್ನೂ ನೋಡಿ, ಹಳೆ ಹಿಟ್ಟು ಅಲ್ಲೇ ಅಡಗಿರುತ್ತದೆ.

ಹೆಸರುಕಾಳು, ಅಲಸಂದೆಗೆ ನಾನು ಹರಳೆಣ್ಣೆ ಸವರುತ್ತೇನೆ. ಒಂದು ಕಿಲೋಗೆ ಒಂದು ಚಿಕ್ಕ ಚಮಚ ಸಾಕು. ಅಂಗೈಗೆ ಹಚ್ಚಿಕೊಂಡು ಕಾಳನ್ನು ಉಜ್ಜಿ, ಪ್ರತಿ ಕಾಳೂ ಹೊಳೆಯಬೇಕು. ಅಡುಗೆಗೆ ಮೊದಲು ಬಿಸಿನೀರಲ್ಲಿ ಎರಡು ಸಲ ತೊಳೆದರೆ ಎಣ್ಣೆ ಹೋಗುತ್ತದೆ. ಬೇವಿನ ಎಲೆ ಹಾಕುವುದಾದರೆ ಪೂರ್ತಿ ಒಣಗಿದ್ದನ್ನೇ ಹಾಕಿ. ಹಸಿ ಎಲೆಯಿಂದ ತೇವ ಇನ್ನೂ ಜಾಸ್ತಿ ಆಗುತ್ತದೆ.

ಬೆಲ್ಲಕ್ಕೆ ಗಾಳಿ ತಾಗಲೇಬಾರದು. ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಫ್ರಿಜ್‌ನಲ್ಲಿಡಿ. ಹುಣಸೆಹುಳಿಯ ಬೀಜ ತೆಗೆದು, ಕಲ್ಲುಪ್ಪು ಹಾಕಿ ಭರಣಿಯಲ್ಲಿ ಒತ್ತಿಡಿ. ಹುಳಿಗೆ ಲೋಹದ ಡಬ್ಬ ಆಗುವುದಿಲ್ಲ.

ಬೆಂಗಳೂರಿನಿಂದ:

ನಮ್ಮದು ಫ್ಲಾಟ್. ಅಂಗಳವೂ ಇಲ್ಲ, ಬಿಸಿಲೂ ಇಲ್ಲ. ಹಾಗಾಗಿ ನನಗೆ ಫ್ರೀಜರ್ ಒಂದೇ ದಾರಿ. ರವೆ, ಕಡಲೆಹಿಟ್ಟು, ಮೈದಾ ಏನೇ ತಂದರೂ ಪ್ಯಾಕೆಟ್ ಒಡೆಯದೆ ಮೂರು ನಾಲ್ಕು ದಿನ ಅಲ್ಲಿಡುತ್ತೇನೆ. ಆ ಚಳಿಗೆ ಹುಳವೂ ಮೊಟ್ಟೆಯೂ ಸಾಯುತ್ತವೆ. ಇಲ್ಲಿ ಒಂದು ಗಮನ ಬೇಕು. ಹೊರಗೆ ತೆಗೆದ ತಕ್ಷಣ ಒಡೆಯಬೇಡಿ, ತಣ್ಣಗಿನ ಹಿಟ್ಟಿನ ಮೇಲೆ ಗಾಳಿಯ ತೇವ ಕೂರುತ್ತದೆ. ಪ್ಯಾಕೆಟ್ ಮಾಮೂಲಿ ಬಿಸಿಗೆ ಬಂದ ಮೇಲೆ ಡಬ್ಬಕ್ಕೆ ಹಾಕಿ. ಸಾರಿನಪುಡಿ, ಹುಳಿಪುಡಿಯನ್ನಂತೂ ಒಂದು ವಾರಕ್ಕೆ ಬೇಕಾದಷ್ಟು ಮಾತ್ರ ಹೊರಗಿಟ್ಟು ಉಳಿದದ್ದನ್ನು ಫ್ರೀಜರ್‌ನಲ್ಲೇ ಇಡಿ, ಘಮ ಹಾಗೇ ಇರುತ್ತದೆ. ತೆಂಗಿನಕಾಯಿ ಒಡೆದಾಗ ಕಣ್ಣಿರುವ ಹೋಳನ್ನು ಮೊದಲು ಬಳಸಿ, ಅದು ಬೇಗ ಕೆಡುತ್ತದೆ.

ಧಾರವಾಡದಿಂದ:

ಬಳ್ಳಾರಿಯವರು ಅಂದಮೇಲೆ ಊರಿಂದ ಜೋಳ ತಂದಿರುತ್ತೀರಿ ಅಲ್ವಾ? ಎಲ್ಲ ಒಂದೇ ಸಲ ಬೀಸಿಸಬೇಡಿ. ನಮ್ಮ ಕಡೆ ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಕಾಳಾಗಿಯೇ ಇಡುತ್ತಿದ್ದರು, ವರ್ಷ ಕಳೆದರೂ ಬಾಳುತ್ತಿತ್ತು. ಹಿಟ್ಟಿಗೆ ಆ ತಾಳಿಕೆ ಇಲ್ಲ. ಹಳೆಯದಾದಷ್ಟೂ ಕಹಿ ಬರುತ್ತದೆ, ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ. ಆಗಾಗ ಸ್ವಲ್ಪ ಸ್ವಲ್ಪವೇ ಬೀಸಿಸಿಕೊಳ್ಳಿ.

ಇನ್ನು ಶೇಂಗಾ. ಬೂಷ್ಟು ಹಿಡಿದಿದ್ದರೆ ಆರಿಸಿ ತಿನ್ನಲು ಹೋಗಬೇಡಿ, ಅಷ್ಟನ್ನೂ ಚೆಲ್ಲಿಬಿಡಿ. ಆ ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಮಕ್ಕಳಿರುವ ಮನೆಯಾದರೆ ಇದನ್ನು ಖಂಡಿತ ಮರೆಯಬೇಡಿ.

ಮತ್ತೆ ಕುಂದಾಪುರದಿಂದ:

ಶೇಂಗಾದ ಮಾತು ನೂರಕ್ಕೆ ನೂರು ನಿಜ. ಅದರ ಜೊತೆಗೆ ಇನ್ನೊಂದು. ಬೇಳೆಗೆ ಬೋರಿಕ್ ಪೌಡರ್ ಸವರಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಹುಳ ಬರುವುದಿಲ್ಲ ನಿಜ, ಆದರೆ ಅದು ಹೊಟ್ಟೆಗೆ ಹೋಗುವ ವಸ್ತುವೇ ಅಲ್ಲ. ಈಗ ಬಲೆ ಕಟ್ಟಿರುವ ರವೆಯನ್ನು ಜರಡಿ ಹಿಡಿದು ಉಳಿಸಿಕೊಳ್ಳಲು ನೋಡಬೇಡಿ. ಅಕ್ಟೋಬರ್‌ವರೆಗೆ ರವೆ ಅರ್ಧ ಕಿಲೋಗಿಂತ ಜಾಸ್ತಿ ತರಬೇಡಿ.